ಎಡೆದೊರೆಯ ಮಕ್ಕಳಿಗೆ ರಗ್ಬಿ

ರಾಯಚೂರಿನಿಂದ ಗುಂತಕಲ್ಲಿನತ್ತ ಹೊರಟ ರೈಲು ತುಂಗಭದ್ರೆಯ ಸೇತುವೆಯನ್ನು ತಲುಪುವುದಕ್ಕೆ ಮುನ್ನ ಸಿಕ್ಕುವ ಸಣ್ಣ ನಿಲ್ದಾಣ ಮಟಮಾರಿ. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಅದೇ ವರ್ಷದ ಜನವರಿಯಲ್ಲಿ ಲಂಡನ್ನಿನಲ್ಲಿ ಹಲವು ಕ್ಲಬ್ಬುಗಳ ಪ್ರತಿನಿಧಿಗಳು ಒಂದೆಡೆ ಸೇರಿ, ಅಲ್ಲಿಯವರೆಗೆ ಶಾಲೆಗೊಂದು ಬಗೆಯಾಗಿ ಆಡುತ್ತಿದ್ದ ರಗ್ಬಿ ಎಂಬ ಚೆಂಡಾಟಕ್ಕೆ ಏಕರೂಪದ ನಿಯಮಗಳನ್ನು ವಿಧಿಸುವ ಸಂಘವೊಂದನ್ನು ಸ್ಥಾಪಿಸಿದರು. ಮಾರ್ಚಿನಲ್ಲಿ ಎಡಿನ್‌ಬರೋ ನಗರದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. ಹಳಿಗಳು ಕೂಡಿದುದಕ್ಕೂ ಈ ಆಟ ರೂಪುಗೊಂಡುದಕ್ಕೂ ಕಾಲಸಾಮ್ಯವನ್ನುಳಿದು ಬೇರೆ ಸಂಬಂಧವಿಲ್ಲವೆಂಬುದು ನಿಜವಾದರೂ, ಹಳಿಯ ಮೇಲೆ ಕ್ರಿಕೆಟ್ಟು ಬಂದಿತು, ಫುಟ್‌ಬಾಲ್ ಬಂದಿತು, ವಾಲಿಬಾಲ್ ಬಂದಿತು, ದೇವದುರ್ಗ ಮಾನ್ವಿಗಳ ಹಳ್ಳಿಹಳ್ಳಿಗೂ ಅವು ಹಬ್ಬಿದವು. ಮೈಗೆ ಮೈ ತಗುಲಿ ಆಡುವ ಈ ಆಟ ಮಾತ್ರ ಇಲ್ಲಿ ಇಳಿಯದೆ ಮುಂದಕ್ಕೆ ಹೋಯಿತೆಂಬುದನ್ನು ನೆನೆದಾಗ, ಎಡೆದೊರೆಯೆನಿಸಿದ ಈ ರಾಯಚೂರು ಸೀಮೆಯ ಮಕ್ಕಳಿಗೆ ಸಲ್ಲಬೇಕಾಗಿದ್ದುದೊಂದು ಸಲ್ಲದೆ ಉಳಿಯಿತೆಂದು ನನಗೆ ಅನ್ನಿಸುತ್ತದೆ.

ಭಾರತದಲ್ಲಿ ಅದು ಮೊದಲು ನೆಲೆಯೂರಿದ್ದು ಕಲ್ಕತ್ತೆಯಲ್ಲಿ. 1872ರ ಕ್ರಿಸ್‌ಮಸ್ ದಿನ ಅಲ್ಲಿನ ಬ್ರಿಟಿಷರು ತಮ್ಮ ತಮ್ಮಲ್ಲೇ ಎರಡು ಪಾಳೆಯಗಳಾಗಿ ಆಡಿದ ಪಂದ್ಯದಿಂದ ಹುಟ್ಟಿದ ಕ್ಲಬ್ಬು ಕೆಲವೇ ವರ್ಷಗಳಲ್ಲಿ ಕ್ಷೀಣಿಸಿ ಮುಚ್ಚಬೇಕಾಗಿ ಬಂದಾಗ, ಅದರ ಸದಸ್ಯರು ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ, ಹಿಡಿಗಳಿಗೆ ನಾಗರಹಾವುಗಳನ್ನೂ ಮುಚ್ಚಳಕ್ಕೆ ಆನೆಯನ್ನೂ ಇರಿಸಿದ ಪಾತ್ರೆಯೊಂದನ್ನು ಮಾಡಿಸಿ ಲಂಡನ್ನಿನ ಸಂಘಕ್ಕೆ ಅರ್ಪಿಸಿದರು. 1879ರಿಂದ ಇಂದಿನವರೆಗೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಸೆಣಸುವ ಕಲ್ಕತ್ತಾ ಕಪ್ ಅದೇ. ಪಾತ್ರೆ ಕಡಲಾಚೆಗೆ ಹೋಯಿತು. ಆಟ ಕಲ್ಕತ್ತೆಯ ಕ್ಲಬ್ಬುಗಳ ಬೇಲಿಯೊಳಗೆ ಉಳಿಯಿತು. ಬೇಲಿಯಾಚೆ ನಿಂತು ನೋಡುತ್ತಿದ್ದ ಬಡಮಕ್ಕಳ ಕೈಗೆ ಆ ಚೆಂಡು ಬರುವುದಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಆಟದ ಪರಿಚಯವಿಲ್ಲದ ವಾಚಕರಿಗೆ ಅದರ ಸ್ವರೂಪವನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ನೂರು ಮೀಟರು ಉದ್ದ, ಎಪ್ಪತ್ತು ಮೀಟರು ಅಗಲವನ್ನು ಮೀರದ ಬಯಲು. ಎರಡೂ ತುದಿಗಳಲ್ಲಿ ಒಂದೊಂದು ಗೆರೆ. ನಡುವೆ ಮೊಟ್ಟೆಯಾಕಾರದ ಚೆಂಡು. ಆ ಚೆಂಡನ್ನು ಹೊತ್ತು ಓಡಿ ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಐದು ಅಂಕ, ಅದಾದ ಮೇಲೆ ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಒದ್ದು ದಾಟಿಸಿದರೆ ಇನ್ನೆರಡು. ಚೆಂಡನ್ನು ಒದೆಯಬಹುದು, ಹೊತ್ತು ಓಡಬಹುದು. ಆದರೆ ಕೈಯಿಂದ ಎಸೆಯುವುದಾದರೆ ಮುಂದಕ್ಕೆಸೆಯುವಂತಿಲ್ಲ, ತನ್ನ ಹಿಂದೆ ಬರುತ್ತಿರುವ ಜೊತೆಗಾರನಿಗೇ ಕೊಡಬೇಕು. ಈ ಒಂದು ನಿಯಮದಲ್ಲಿ ಆಟದ ಜೀವವಿದೆಯೆಂಬುದು ನನ್ನ ನಂಬಿಕೆ. ಏಕೆಂದರೆ ಎಷ್ಟೇ ವೇಗಶಾಲಿಯಾದವನೂ ಬೆನ್ನ ಹಿಂದೆ ಯಾರೂ ಓಡಿಬಾರದಿದ್ದರೆ ಹತ್ತು ಹೆಜ್ಜೆಯಲ್ಲಿ ಸಿಕ್ಕಿಬೀಳುತ್ತಾನೆ, ಹಿಂದೆ ಬರುವವನ ಹೆಸರು ಪಂದ್ಯದ ವರದಿಯಲ್ಲಿ ಬಾರದಿದ್ದರೂ ಅವನಿಲ್ಲದೆ ಅಂಕವಿಲ್ಲ. ಪೂರ್ಣರೂಪದಲ್ಲಿ ಪಕ್ಷಕ್ಕೆ ಹದಿನೈದು ಜನ. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್‌ರೋಸ್ ಎಂಬ ಪುಟ್ಟ ಊರಿನಲ್ಲಿ, ತಮ್ಮ ಕ್ಲಬ್ಬಿಗೆ ಹಣ ಕೂಡಿಸುವ ಉಪಾಯವೆಂದು ಏಳು ಜನರ ಪಂದ್ಯ ಆರಂಭವಾಯಿತು; ಅದನ್ನು ಸೂಚಿಸಿದವನು ನೆಡ್ ಹೇಗ್ ಎಂಬ ಮಾಂಸದಂಗಡಿಯವನು. ಏಳು ನಿಮಿಷಗಳ ಎರಡು ಅವಧಿಗಳ ಈ ಸಂಕ್ಷಿಪ್ತ ರೂಪವೇ 2016ರ ರಿಯೋ ಒಲಿಂಪಿಕ್ಸಿನಲ್ಲಿ ಸ್ಥಾನ ಪಡೆದು, ಫಿಜಿ ಎಂಬ ದ್ವೀಪರಾಷ್ಟ್ರಕ್ಕೆ ಅದರ ಮೊಟ್ಟಮೊದಲ ಒಲಿಂಪಿಕ್ ಪದಕವನ್ನು, ಅದೂ ಚಿನ್ನದ ಪದಕವನ್ನು ತಂದುಕೊಟ್ಟಿತು.

ನಮ್ಮ ರಾಷ್ಟ್ರೀಯ ತಂಡ ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿದದ್ದು 1998ರಲ್ಲಿ. ಆದರೆ ಹಳ್ಳಿಯ ದೃಷ್ಟಿಯಿಂದ ನೋಡುವವರಿಗೆ ಅದಕ್ಕಿಂತ ಮುಖ್ಯವಾದ ಕಥೆಗಳು ಬೇರೆ ಇವೆ. ಭುವನೇಶ್ವರದ ಕಳಿಂಗ ಸಮಾಜವಿಜ್ಞಾನ ಸಂಸ್ಥೆಯ ವಸತಿಶಾಲೆಯಲ್ಲಿ ಓದುತ್ತಿದ್ದ ಆದಿವಾಸಿ ಬಾಲಕರು 2007ರಲ್ಲಿ ಲಂಡನ್ನಿಗೆ ಹೋಗಿ ಹದಿನಾಲ್ಕು ವರ್ಷದೊಳಗಿನವರ ಅಂತರರಾಷ್ಟ್ರೀಯ ಶಾಲಾ ಪಂದ್ಯಾವಳಿಯನ್ನು ಗೆದ್ದುಬಂದರು. ಕಲ್ಕತ್ತೆಯ ಮೈದಾನದಲ್ಲಿ ಬ್ರಿಟಿಷ್ ರಾಯಭಾರ ಸೇವೆಯಲ್ಲಿದ್ದ ಪಾಲ್ ವಾಲ್ಷ್ ಎಂಬವರು 2004ರಲ್ಲಿ ಸುತ್ತಲಿನ ಬಡ ಹುಡುಗರನ್ನು ಕೂಡಿಸಿ ಜಂಗಲ್ ಕ್ರೋಸ್ ಎಂಬ ತಂಡವನ್ನು ಕಟ್ಟಿದರು. ಅದರಿಂದಲೇ ಖೇಲೋ ರಗ್ಬಿ ಎಂಬ ಮಕ್ಕಳ ಕಾರ್ಯಕ್ರಮ ಬೆಳೆಯಿತು. ಆ ಕಾರ್ಯಕ್ರಮ ಉತ್ತರ ಬಂಗಾಳದಲ್ಲಿ, ಬೈಕುಂಠಪುರದ ಕಾಡಿನ ಅಂಚಿನಲ್ಲಿರುವ ಸರಸ್ವತೀಪುರವೆಂಬ ಚಹಾತೋಟಕ್ಕೆ ಹೋದಾಗ, ಎಲೆ ಕೊಯ್ಯುವ ಕೂಲಿಕಾರರ ಹೆಣ್ಣುಮಕ್ಕಳು ಅದನ್ನು ಎಷ್ಟು ಗಾಢವಾಗಿ ತಮ್ಮದಾಗಿಸಿಕೊಂಡರೆಂದರೆ, ಸಂಧ್ಯಾ ರಾಯ್ ಮೊದಲಾದ ಅನೇಕರು ಭಾರತದ ಪರವಾಗಿ ಆಡಿದರು. ಸರಸ್ವತೀಪುರದ ನಿದರ್ಶನವನ್ನು ನಾನು ವಿಶೇಷವಾಗಿ ಎತ್ತಿ ಹೇಳುವುದಕ್ಕೆ ಕಾರಣವಿದೆ. ಅದು ಪಟ್ಟಣವಲ್ಲ, ವಸತಿಶಾಲೆಯಲ್ಲ. ದಿನಗೂಲಿಯ ಮೇಲೆ ನಿಂತ ಊರು. ತಾಯಿತಂದೆಯರ ದುಡಿಮೆಯ ಹೊತ್ತನ್ನು ನೋಡಿಕೊಂಡು ಅಲ್ಲಿ ಆಟ ನಡೆಯಿತು. ಎಡೆದೊರೆಗೆ ಮಾದರಿ ಬೇಕಾದರೆ ಅದೇ ಸರಿ.

ನಮ್ಮ ರಾಜ್ಯದ ಹೆಸರೂ ಈಗ ಈ ಆಟದಲ್ಲಿ ಕೇಳಿಬರುತ್ತಿದೆ. 2025ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗಿನ ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಒಂದಾಗಿತ್ತು. ಇದು ಸಂತೋಷದ ವಿಷಯವೇ. ಆದರೆ ದೂರದರ್ಶನದಲ್ಲಿ ಕಂಡ ತಂಡ ಊರಿನ ಬಯಲಿಗೆ ತಾನಾಗಿ ಬಾರದು.

ಬರುವುದಾದರೆ ಅದು ಕಬಡ್ಡಿಯ ಬಾಗಿಲಿನಿಂದಲೇ ಬರಬೇಕು. ರಾಯಚೂರು ಸೀಮೆಯ ಹುಡುಗನಿಗೆ ಬಲಪ್ರದರ್ಶನ ಹೊಸದಲ್ಲ. ಕಾರಹುಣ್ಣಿಮೆ ಬಂತೆಂದರೆ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಪಂದ್ಯವನ್ನೂ ಕುಸ್ತಿಯನ್ನೂ ನೋಡಿ ಬೆಳೆದವನು ಅವನು, ಶಾಲೆಯ ಅಂಗಳದಲ್ಲಿ ಕ್ಯಾಚು ಹಿಡಿದು ಮೊಣಕಾಲು ತರಚಿಕೊಂಡವನು. ಓಡಿಬರುವ ದೇಹವನ್ನು ಎದುರಿಸಿ ತೊಡೆಗೆ ಕೈಹಾಕುವ ಧೈರ್ಯವೇ ರಗ್ಬಿಯಲ್ಲಿ ಕಲಿಸಲು ಅತಿ ಕಷ್ಟವಾದ ಪಾಠವಾಗಿದ್ದು, ಅದು ಇಲ್ಲಿ ಮೊದಲೇ ಸಿದ್ಧವಾಗಿದೆ. ಆದರೆ ಕಬಡ್ಡಿಯಿಂದ ಬಂದ ಹುಡುಗ ಬಿಟ್ಟುಕೊಡಬೇಕಾದ ಅಭ್ಯಾಸಗಳೂ ಇವೆ, ಅವನ್ನು ತರಬೇತುದಾರ ಹತ್ತಿರ ನಿಂತು ತಿದ್ದಬೇಕು. ಕಬಡ್ಡಿಯಲ್ಲಿ ರೈಡರನನ್ನು ಹಿಡಿದವರು ಅವನ ಉಸಿರು ತೀರುವವರೆಗೆ ಬಿಡುವಂತಿಲ್ಲ. ರಗ್ಬಿಯಲ್ಲಿ ಹಿಡಿದು ನೆಲಕ್ಕೆ ತಂದ ಕ್ಷಣವೇ ಕೈಬಿಟ್ಟು ಪಕ್ಕಕ್ಕೆ ಸರಿಯಬೇಕು, ಬಿದ್ದವನೂ ಚೆಂಡನ್ನು ಬಿಡಬೇಕು. ಕಬಡ್ಡಿಯ ಡ್ಯಾಶಿನಲ್ಲಿ ಎದೆಯೊಡ್ಡಿ ಹೊರಕ್ಕೆ ತಳ್ಳಬಹುದು. ರಗ್ಬಿಯಲ್ಲಿ ತೋಳುಗಳಿಂದ ಬಳಸಿ ಹಿಡಿಯದೆ ಬರಿಯ ಭುಜದಿಂದ ಗುದ್ದುವುದು ತಪ್ಪು, ಭುಜಕ್ಕಿಂತ ಮೇಲೆ ಹಿಡಿಯುವುದು ಇನ್ನೂ ದೊಡ್ಡ ತಪ್ಪು. ಎಲ್ಲಕ್ಕಿಂತ ಮುಖ್ಯವಾದುದು ತಲೆಯ ಸ್ಥಾನ. ಹಿಡಿಯುವವನು ಸೊಂಟ ಬಗ್ಗಿಸಿ, ಕಣ್ಣು ತೆರೆದು, ಬೆನ್ನು ನೇರವಾಗಿಟ್ಟು, ಭುಜವನ್ನು ಎದುರಾಳಿಯ ತೊಡೆಗೆ ತಾಗಿಸುವಾಗ ಅವನ ಕೆನ್ನೆ ಓಡುವವನ ಹಿಂಬದಿಗೆ ಒತ್ತಿರಬೇಕು; ತಲೆ ಮುಂದಕ್ಕೆ ಬಂದರೆ ಮೊಣಕಾಲಿನ ಪೆಟ್ಟು ತಲೆಗೇ. ಇದನ್ನು ಮೊದಲು ಮಂಡಿಯೂರಿ, ಬಳಿಕ ನಡೆಯುತ್ತ, ಆಮೇಲೆ ಓಡುತ್ತ ಕಲಿಸುವುದು ಕ್ರಮ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ಮಂಕು, ವಾಂತಿ ಯಾವುದೇ ಲಕ್ಷಣ ಕಂಡರೂ ಆ ಮಗುವನ್ನು ಆ ಕ್ಷಣವೇ ಹೊರಗೆ ಕರೆದುಕೊಂಡು, ಅಂದು ಮತ್ತೆ ಒಳಕ್ಕೆ ಬಿಡದೆ ವೈದ್ಯರಿಗೆ ತೋರಿಸಬೇಕೆಂಬುದು ಆಟದ ಜಾಗತಿಕ ನಿಯಮ. ಗೆಲ್ಲುವ ಹೊತ್ತಿನಲ್ಲಿ ಈ ನಿಯಮವನ್ನು ಸಡಿಲಿಸುವ ಮನುಷ್ಯನಿಗೆ ಮಕ್ಕಳನ್ನು ಒಪ್ಪಿಸಬಾರದು.

ನೆಲದ ಮಾತು ಬಂದರೆ ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಎರೆಯ ಹೊಲ ಮಳೆಗಾಲದಲ್ಲಿ ಕಾಲಿಗೆ ಮೆತ್ತಿ ಹೆಜ್ಜೆ ಎತ್ತಗೊಡದು, ಬೇಸಿಗೆಯಲ್ಲಿ ಪಾದ ಇಳಿಯುವಷ್ಟು ಬಾಯಿಬಿಟ್ಟು ಹಿಮ್ಮಡಿಯ ಗಂಟನ್ನು ಮುರಿದೀತು. ಬೇಕಾದದ್ದು ಮಸಾರಿ ನೆಲ, ಅದೂ ಉತ್ತು ಮಿದುವಾಗಿಸಿ ಹೆಂಟೆಗಳನ್ನು ಒಡೆದು ಹರಗಿದ್ದು. ಬಳ್ಳಾರಿ ಜಾಲಿಯ ಮುಳ್ಳು ಒಂದೂ ಉಳಿಯದಂತೆ ಆಯುವುದು ಮೊದಲ ವಾರದ ಮೊದಲ ಕೆಲಸ. ಬರಿಗಾಲಿನಲ್ಲಿ ಬರುವ ಮಕ್ಕಳೇ ಹೆಚ್ಚಾದ್ದರಿಂದ ಅದನ್ನು ಲಘುವಾಗಿ ಕಾಣುವಂತಿಲ್ಲ. ಚಿಕ್ಕವರಿಗೆ ಹಿಡಿಯುವ ಆಟವೇ ಬೇಡ. ನಡುವಿನ ಎರಡು ಪಕ್ಕಕ್ಕೂ ಒಂದೊಂದು ಬಟ್ಟೆಯ ಪಟ್ಟಿ ಸಿಕ್ಕಿಸಿಕೊಂಡು, ಪಟ್ಟಿ ಕಿತ್ತರೆ ಹಿಡಿದಂತೆ ಎಂದು ಆಡುವ ಟ್ಯಾಗ್ ರಗ್ಬಿ ಅವರಿಗೆ ಸಾಕು. ಹಳೆಯ ಸೀರೆಯ ಅಂಚು ಹರಿದರೆ ಒಂದು ತಂಡಕ್ಕಾಗುವಷ್ಟು ಪಟ್ಟಿಗಳು ಸಿಗುತ್ತವೆ. ಅದರಲ್ಲಿ ಹುಡುಗ ಹುಡುಗಿಯರು ಕೂಡಿಯೇ ಆಡಬಹುದು.

ಇಷ್ಟೆಲ್ಲ ಒದಗಿದ ಮೇಲೂ ಕಾರ್ಯಕ್ರಮ ಮುರಿದುಬೀಳುವುದು ಎಲ್ಲಿ ಎಂದರೆ ಪಂಚಾಂಗದಲ್ಲಿ. ಈ ಸೀಮೆಯ ಮಕ್ಕಳ ವರ್ಷ ಶಾಲೆಯ ವೇಳಾಪಟ್ಟಿಗಿಂತ ಹೆಚ್ಚಾಗಿ ಹೊಲದ ವೇಳಾಪಟ್ಟಿಗೆ ಕಟ್ಟುಬಿದ್ದದ್ದು. ಹತ್ತಿ ಒಡೆದಾಗ, ಮೆಣಸಿನಕಾಯಿ ಕೆಂಪಾದಾಗ, ಬೆಳಗಿನ ಜಾವ ಟಂಟಂ ಗಾಡಿಗಳಲ್ಲಿ ಬುತ್ತಿ ಹಿಡಿದು ಒತ್ತೊತ್ತಾಗಿ ಕುಳಿತು ಬಿಡಿಸಲು ಹೋಗುವ ಹೆಂಗಸರ ನಡುವೆ ಶಾಲೆ ತಪ್ಪಿಸಿದ ಮಕ್ಕಳೂ ಇರುತ್ತಾರೆ. ಸುಗ್ಗಿ ಮುಗಿದು ಕೈಗೆ ಕೆಲಸವಿಲ್ಲವಾದಾಗ, ಕಾಲುವೆಯ ನೀರು ಮುಟ್ಟದ ಊರುಗಳಿಂದ ಸಂಸಾರಗಳೇ ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಮತ್ತೆ ಮುಂಗಾರಿನ ಹೊತ್ತಿಗೆ ಹಿಂದಿರುಗುತ್ತವೆ. ಹದಿನೈದು ಜನರ ತಂಡ ಕಟ್ಟಿದ ಉತ್ಸಾಹಿ ಯುವಕ ಜನವರಿಯಲ್ಲಿ ಬಯಲಿಗೆ ಬಂದು ನೋಡಿದರೆ ಅರ್ಧ ಮಂದಿಯೂ ಇಲ್ಲದಿರುವುದು ಇಲ್ಲಿ ಅಚ್ಚರಿಯಲ್ಲ. ಆಗ ಅವನು ಮಕ್ಕಳಿಗೆ ಶ್ರದ್ಧೆಯಿಲ್ಲವೆಂದು ತಿಳಿದು ಬೇಸತ್ತು ಬಿಟ್ಟುಬಿಡುತ್ತಾನೆ. ತಪ್ಪು ಮಕ್ಕಳದಲ್ಲವೆಂದು ನಾನು ಒತ್ತಿ ಹೇಳಬಯಸುತ್ತೇನೆ. ಇಂಥ ನಾಡಿಗೆ ಏಳು ಜನರ ಆಟವೇ ತಕ್ಕದ್ದು. ಇಪ್ಪತ್ತು ಮಕ್ಕಳಲ್ಲಿ ಹತ್ತು ಜನ ಊರು ಬಿಟ್ಟರೂ ಉಳಿದ ಹತ್ತು ಜನರಿಂದ ತಂಡ ನಿಂತಿರುತ್ತದೆ. ಅಭ್ಯಾಸದ ಹೊತ್ತನ್ನು ಹತ್ತಿಯ ದಿನಗಳಲ್ಲಿ ಸಂಜೆಯಿಂದ ತೆಗೆದು ವಾರದ ಸಂತೆಯ ದಿನಕ್ಕೆ ಸರಿಸಬೇಕು. ಗುಳೆ ಹೋದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕದೆ ಹಾಗೆಯೇ ಇರಿಸಬೇಕು.

ಹೊಟ್ಟೆಯ ವಿಚಾರವನ್ನೂ ಬಿಡುವಂತಿಲ್ಲ. ರಾಯಚೂರೂ ಸೇರಿದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರಿನಿಂದ ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡತೊಡಗಿದುದು ಮಕ್ಕಳಲ್ಲಿ ಅಪೌಷ್ಟಿಕತೆ ಅತಿಯಾಗಿದ್ದುದರಿಂದ. ಮೈ ತಾಗಿಸಿ ಆಡುವ ಆಟಕ್ಕೆ ಇಳಿಸುವ ಮುನ್ನ ಮಗುವಿನ ತೂಕ ನೋಡಬೇಕು, ರಕ್ತಹೀನತೆಯಿದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಬೇಕು, ವಯಸ್ಸು ಒಂದೇ ಎಂದು ದಪ್ಪಗಿರುವವನನ್ನೂ ಸಣಕಲನನ್ನೂ ಎದುರುಬದುರು ನಿಲ್ಲಿಸಬಾರದು. ಆಟದ ಬಳಿಕ ನೆನೆಸಿದ ಶೇಂಗಾ, ಬೆಲ್ಲ, ಸಾಕಷ್ಟು ನೀರು ಇರಲೇಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವ ಊರಿದು. ಬೇಸಿಗೆ ಶಿಬಿರವೆಂದು ಹತ್ತು ಗಂಟೆಯ ಬಿಸಿಲಿನಲ್ಲಿ ಓಡಿಸುವುದು ಕ್ರೌರ್ಯ.

ಹೆಣ್ಣುಮಕ್ಕಳನ್ನು ಬಯಲಿಗೆ ಕಳಿಸಲು ತಾಯಂದಿರು ಕೇಳುವ ಪ್ರಶ್ನೆಗಳು ನ್ಯಾಯವಾದವು: ಯಾರು ಕಲಿಸುತ್ತಾರೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ, ಏನು ಉಟ್ಟು ಆಡುತ್ತಾರೆ. ಕಲಿಸುವವರಲ್ಲಿ ಒಬ್ಬ ಹೆಂಗಸು ಇರಲೇಬೇಕು, ಯಾವ ದೊಡ್ಡವರೂ ಒಂದು ಮಗುವಿನೊಡನೆ ಒಂಟಿಯಾಗಿ ಇರಕೂಡದು, ಪೂರ್ಣ ಉದ್ದದ ಟ್ರ್ಯಾಕ್ ಪ್ಯಾಂಟ್ ತೊಟ್ಟು ಆಡಿದರೆ ಆಟಕ್ಕೇನೂ ಕುಂದಿಲ್ಲ. ಬಾಲ್ಯವಿವಾಹ ಇನ್ನೂ ತೊಲಗದ ಈ ಭಾಗದಲ್ಲಿ ಹದಿನಾಲ್ಕು ಹದಿನೈದರ ಹುಡುಗಿಗೆ ಊರಿನ ಕಣ್ಣಿಗೆ ಬೀಳುವ ಒಂದು ತಂಡವಿರುವುದು ಸಾಮಾನ್ಯ ಸಂಗತಿಯಲ್ಲ. ವಾರಕ್ಕೆರಡು ಸಲ ಬರುತ್ತಿದ್ದವಳು ಬಾರದೆ ಹೋದಾಗ ಏಕೆ ಬರಲಿಲ್ಲವೆಂದು ಮನೆಯ ಬಾಗಿಲಿಗೆ ಹೋಗಿ ಕೇಳುವವರಿರುತ್ತಾರೆ. ಬಿಹಾರದ ಬಾಢ್ ಸೀಮೆಯ ಸ್ವೀಟಿ ಕುಮಾರಿಯಂಥ ಹಳ್ಳಿಯ ಹುಡುಗಿಯರು ಭಾರತ ತಂಡದವರೆಗೆ ಬಂದದ್ದನ್ನು ತಾಯಂದಿರಿಗೆ ಹೇಳಬೇಕು, ಸಾಧ್ಯವಾದರೆ ಅವರ ಆಟದ ಚಿತ್ರಗಳನ್ನೂ ತೋರಿಸಬೇಕು.

ಇನ್ನೊಂದು ವಿಷಯವನ್ನು ಹೇಳದೆ ಇರಲಾರೆ. ಸ್ಕ್ರಮ್ ಎಂಬ ತಳ್ಳಾಟದಲ್ಲಿ, ಏಳು ಜನರ ಆಟವಾದರೆ, ಮೂವರು ಮೂವರು ಭುಜಕ್ಕೆ ಭುಜ ಕೊಟ್ಟು, ಒಬ್ಬರ ಅಂಗಿಯನ್ನೊಬ್ಬರು ಬಿಗಿಹಿಡಿದು, ತಲೆ ತಗ್ಗಿಸಿ ಎದುರಿನ ಮೂವರ ಭಾರವನ್ನು ತಡೆಯಬೇಕು. ಬೇರೆ ಬೇರೆ ಕೇರಿಗಳ ಮಕ್ಕಳು ಇಂದಿಗೂ ಬೇರೆ ಬೇರೆ ಜಗುಲಿಗಳಲ್ಲಿ ಕುಳಿತುಕೊಳ್ಳುವ ಊರುಗಳಲ್ಲಿ ಆ ಮೂವರನ್ನು ಆರಿಸುವಾಗ ತರಬೇತುದಾರ ಕೇರಿಯನ್ನು ನೋಡದೆ ಭುಜವನ್ನು ನೋಡಬೇಕು. ಪಂದ್ಯ ಮುಗಿದ ಮೇಲೆ ಆತಿಥೇಯ ತಂಡ ಎದುರಾಳಿಗಳಿಗೆ ಊಟ ಹಾಕಿ ತಾನೂ ಜೊತೆಗೆ ಕುಳಿತುಣ್ಣುವುದು ಈ ಆಟದ ಹಳೆಯ ಸಂಪ್ರದಾಯ. ಮಟಮಾರಿಯ ತಂಡ ಮಾನ್ವಿಯ ತಂಡವನ್ನು ಕರೆದಾಗ ರೊಟ್ಟಿ, ಪುಂಡಿಪಲ್ಯೆಗಳನ್ನು ಒಂದೇ ಪಂಕ್ತಿಯಲ್ಲಿ ಬಡಿಸುವುದೆಂದು ಮೊದಲ ದಿನವೇ ಊರ ಹಿರಿಯರ ಮುಂದೆ ತೀರ್ಮಾನವಾಗಬೇಕು. ಅದಕ್ಕೆ ಒಪ್ಪಿಗೆ ಸಿಗದಿದ್ದರೆ ಸಿಗುವವರೆಗೆ ಮಾತಾಡಬೇಕು, ಚೆಂಡು ಆಮೇಲೆ ಬರಲಿ.

ಆರಂಭಿಸುವುದಕ್ಕೆ ತಕ್ಕ ಕಾಲ ಜೂನ್. ಗುಳೆ ಹೋದವರು ಬಿತ್ತನೆಗೆ ಹಿಂದಿರುಗಿರುತ್ತಾರೆ, ಶಾಲೆ ತೆರೆದಿರುತ್ತದೆ, ಮೊದಲ ಮಳೆಗೆ ಮಸಾರಿ ನೆಲ ಮೆತ್ತಗಾಗಿರುತ್ತದೆ. ದಸರೆಯವರೆಗೆ ಎಲ್ಲರಿಗೂ ಪಟ್ಟಿಯ ಆಟವೊಂದೇ, ದೊಡ್ಡವರಿಗೆ ಜೊತೆಗೆ ಮಂಡಿಯೂರಿ ಹಿಡಿಯುವ ಪಾಠ. ದಸರೆಯ ರಜೆಯಲ್ಲಿ ನೆರೆಯೂರಿನೊಡನೆ ಒಂದು ಪಂದ್ಯ. ಹತ್ತಿ ಒಡೆದ ಮೇಲೆ ಉಳಿದವರಿಗೆ ವಾರಕ್ಕೊಂದು ದಿನ. ಕಬಡ್ಡಿ ಆಡಿ ಬಲ್ಲ ಇಬ್ಬರು ಯುವಕರು, ಒಬ್ಬ ಶಿಕ್ಷಕಿ, ಮಕ್ಕಳ ಅಳತೆಯ ನಾಲ್ಕು ಚೆಂಡುಗಳು, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ಹಾಜರಿ ಪುಸ್ತಕ ಇದ್ದರೆ ಮೊದಲ ವರ್ಷಕ್ಕೆ ಮತ್ತೇನೂ ಬೇಡ.