ನೂರಿಪ್ಪತ್ತು ಕಿಲೋ ಕಡಿಮೆ

ಅಕ್ಕನ ಮಗ ಪ್ಲೇಸ್ಟೇಷನ್ ಮುಂದೆ ಕೂತು ಹತ್ತು ನಿಮಿಷದಿಂದ ಒಂದೇ ಪರದೆ ನೋಡುತ್ತಿದ್ದ. ಆಟ ‘ಗ್ರ್ಯಾನ್ ಟುರಿಸ್ಮೊ 4’. ರೇಸು ಗೆದ್ದು ಕೂಡಿಟ್ಟ ದುಡ್ಡು ಒಂದು ಕಾರಿಗೆ ಸಾಕಾಗುವಷ್ಟಿತ್ತು. ಕೊಳ್ಳುವುದು ಹೋಂಡಾ ಎನ್‌ಎಸ್‌ಎಕ್ಸ್ ಎಂಬುದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಆದರೆ ಯಾವ ಎನ್‌ಎಸ್‌ಎಕ್ಸ್? 1990ರದ್ದಿದೆ, 1992ರ ಟೈಪ್ ಆರ್ ಇದೆ, 1997ರ ಟೈಪ್ ಎಸ್ ಇದೆ, 2002ರ ಇನ್ನೊಂದು ಟೈಪ್ ಆರ್ ಇದೆ. ನಡುವೆ ಇನ್ನೂ ಹಲವು. ಕೊನೆಗೆ ನನ್ನ ಕಡೆ ತಿರುಗಿ ಕೇಳಿದ: “ಮಾಮ, ಎಲ್ಲದರಲ್ಲೂ ಪವರ್ ಹೆಚ್ಚುಕಮ್ಮಿ ಒಂದೇ ಇದೆಯಲ್ಲ, ಮತ್ತೆ ವ್ಯತ್ಯಾಸ ಏನು?”

ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾಗಿ ಉತ್ತರ ಹೇಳಬೇಕೆಂದರೆ ಕಾರೊಂದು ತಿರುವಿನಲ್ಲಿ ಹೇಗೆ ನಿಲ್ಲುತ್ತದೆ ಎಂಬಲ್ಲಿಯವರೆಗೂ ಹೋಗಬೇಕಾಗುತ್ತದೆ.

ಮೊದಲು ಆ ಒಂದೇ ಅಂಕಿಯ ಕಥೆ. ಜಪಾನಿನ ಕಾರು ಕಂಪನಿಗಳು 1980ರ ದಶಕದ ಕೊನೆಯಲ್ಲಿ ತಮ್ಮತಮ್ಮಲ್ಲೇ ಒಂದು ಮಾತಿಗೆ ಬಂದವು: ಜಪಾನಿನಲ್ಲಿ ಮಾರುವ ಯಾವ ಕಾರಿನ ಶಕ್ತಿಯನ್ನೂ 280 ಪಿಎಸ್‌ಗಿಂತ ಹೆಚ್ಚು ಎಂದು ತೋರಿಸುವುದಿಲ್ಲ. (ಪಿಎಸ್ ಎಂದರೆ ಮೆಟ್ರಿಕ್ ಅಶ್ವಶಕ್ತಿ.) ರಸ್ತೆಯ ಸಾವುನೋವು ಏರುತ್ತಿದ್ದ ಕಾಲ, ವೇಗದ ಪೈಪೋಟಿಗೆ ಕಡಿವಾಣ ಹಾಕಬೇಕೆಂಬ ಒತ್ತಡವಿತ್ತು. ಅದು ಕಾನೂನಾಗಿರಲಿಲ್ಲ. ಆದರೂ 2004ರವರೆಗೆ ಆ ಮಾತು ಉಳಿಯಿತು. ಹೀಗಾಗಿ ಎನ್‌ಎಸ್‌ಎಕ್ಸ್‌ನ ಎಂಜಿನ್ 1997ರಲ್ಲಿ 3.0 ಲೀಟರಿನಿಂದ 3.2 ಲೀಟರಿಗೆ ಹಿಗ್ಗಿದರೂ, ಐದು ಗೇರಿನ ಜಾಗಕ್ಕೆ ಆರು ಬಂದರೂ, ಕಾಗದದ ಮೇಲಿನ ಶಕ್ತಿ 280ರಲ್ಲೇ ನಿಂತಿತು. ಮೇಲೆ ಹೋಗುವ ದಾರಿ ಮುಚ್ಚಿದಾಗ ಎಂಜಿನಿಯರುಗಳು ಪಕ್ಕದ ದಾರಿಗಳನ್ನು ಹುಡುಕಿದರು. ಆ ದಾರಿಗಳು ಮೂರು: ತೂಕ, ಗೇರು, ಗಾಳಿ. ಪಟ್ಟಿಯಲ್ಲಿರುವ ಅಷ್ಟೂ ರೂಪಗಳ ವ್ಯತ್ಯಾಸ ಬಹುಮಟ್ಟಿಗೆ ಈ ಮೂರರಲ್ಲೇ ಅಡಗಿದೆ.

ತೂಕವನ್ನೇ ನೋಡೋಣ. 1990ರ ಎನ್‌ಎಸ್‌ಎಕ್ಸ್ 1350 ಕಿಲೋ. ಪೂರ್ತಿ ಅಲ್ಯೂಮಿನಿಯಮ್ ಒಡಲಿನ ಕಾರು, ಆ ಕಾಲಕ್ಕೆ ಅದೇ ದೊಡ್ಡ ಸಾಹಸ. 1992ರ ಟೈಪ್ ಆರ್‌ಗೆ ಬಂದಾಗ ಅದೇ ಕಾರು 1230 ಕಿಲೋಗೆ ಇಳಿದಿತ್ತು. ನೂರಿಪ್ಪತ್ತು ಕಿಲೋ ಎಲ್ಲಿಂದ ಹೋಯಿತು? ಸದ್ದು ತಡೆಯುವ ಹಾಸುಗಳನ್ನು ಕಿತ್ತರು. ಆಡಿಯೊ ತೆಗೆದರು, ಸ್ಟೆಪ್ನಿ ತೆಗೆದರು. ಸೀಟುಗಳ ಜಾಗಕ್ಕೆ ಕಾರ್ಬನ್ ಮತ್ತು ಕೆವ್ಲಾರ್ ನಾರಿನ ತೆಳು ಸೀಟು ಬಂತು, ಹಗುರವಾದ ಚಕ್ರ ಬಂತು. ದೊಡ್ಡದೊಂದನ್ನು ಕಿತ್ತು ಹಾಕಿ ಮುಗಿಸಿದ್ದಲ್ಲ. ಚಿಕ್ಕ ಚಿಕ್ಕದ್ದನ್ನು ಹುಡುಕಿ ಹುಡುಕಿ ಇಳಿಸಿದ್ದು. ಆ ತಾಳ್ಮೆಯನ್ನು ನೆನೆದಾಗಲೆಲ್ಲ ನನಗೆ ಆ ಕಾರಿನ ಮೇಲೆ ಗೌರವ ಹೆಚ್ಚುತ್ತದೆ.

ಲೆಕ್ಕ ಹಾಕಿ ನೋಡಿ. 1990ರ ಕಾರಿನಲ್ಲಿ ಒಂದೊಂದು ಅಶ್ವಶಕ್ತಿಯೂ 4.82 ಕಿಲೋ ಹೊರಬೇಕು. ಟೈಪ್ ಆರ್‌ನಲ್ಲಿ 4.39 ಕಿಲೋ. ಹಳೆಯ ಕಾರು ತೂಕ ಇಳಿಸಿಕೊಳ್ಳದೆ ಈ ಮಟ್ಟ ಮುಟ್ಟಬೇಕೆಂದರೆ ಅದಕ್ಕೆ ಸುಮಾರು 307 ಪಿಎಸ್ ಬೇಕಾಗುತ್ತಿತ್ತು. ಅಂದರೆ 120 ಕಿಲೋ ಇಳಿಸಿದ್ದು 27 ಪಿಎಸ್ ಸೇರಿಸಿದ್ದಕ್ಕೆ ಸಮ. ಜೊತೆಗೆ ಕೊನೆಯ ಹಲ್ಲುಗಾಲಿಯ ಅನುಪಾತವನ್ನು 4.062ರಿಂದ 4.235ಕ್ಕೆ ಬದಲಿಸಿದ್ದರು. ಇದರಿಂದ ಚಕ್ರಕ್ಕೆ ತಲುಪುವ ತಿರುಚು ಬಲ ಶೇ 4ರಷ್ಟು ಹೆಚ್ಚುತ್ತದೆ. ಎರಡನ್ನೂ ಸೇರಿಸಿದರೆ, ಅದೇ ಗೇರಿನಲ್ಲಿ ಎಂಜಿನ್ ಅದೇ ವೇಗದಲ್ಲಿ ತಿರುಗುವಾಗ, ಟೈಪ್ ಆರ್ ಶೇ 14ರಷ್ಟು ಚುರುಕಾಗಿ ಮುನ್ನುಗ್ಗುತ್ತದೆ. ಶೋರೂಮಿನ ಪರದೆಯಲ್ಲಿ ಶಕ್ತಿಯ ಸಾಲನ್ನಷ್ಟೇ ಓದುವವರಿಗೆ ಇದು ಕಾಣುವುದೇ ಇಲ್ಲ.

ಇಲ್ಲಿಯವರೆಗೆ ಸುಲಭ. ಬ್ರೇಕು ಮತ್ತು ತಿರುವಿಗೆ ಬಂದಾಗ ವಿಷಯ ಸ್ವಾರಸ್ಯಕರವಾಗುತ್ತದೆ. ನಮ್ಮ ಶಾಲೆಯ ಭೌತಶಾಸ್ತ್ರ ಇಲ್ಲಿ ಒಂದು ವಿಚಿತ್ರ ಉತ್ತರ ಕೊಡುತ್ತದೆ. ಘರ್ಷಣೆಯು ನೆಲವನ್ನು ಒತ್ತುವ ಭಾರಕ್ಕೆ ಅನುಗುಣವಾಗಿರುತ್ತದೆ. ಕಾರನ್ನು ನಿಲ್ಲಿಸಲು ಬೇಕಾದ ಬಲವೂ ಅದರ ತೂಕಕ್ಕೆ ಅನುಗುಣ. ಹಾಗಾಗಿ ತೂಕ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಲಾರಿಯಾಗಲಿ ಮಾರುತಿಯಾಗಲಿ, ಟೈರು ಒಂದೇ ಆದರೆ ನಿಲ್ಲುವ ದೂರವೂ ಒಂದೇ! ತಿರುವಿನಲ್ಲಿ ಹೋಗಬಹುದಾದ ಗರಿಷ್ಠ ವೇಗವೂ ಹಾಗೆಯೇ ತೂಕಕ್ಕೆ ಸಂಬಂಧಿಸಿದ್ದಲ್ಲ. ಹಾಗಾದರೆ 120 ಕಿಲೋ ಕಡಿಮೆಯಾಗಿ ಏನು ಬಂತು?

ಗುಟ್ಟು ರಬ್ಬರಿನಲ್ಲಿದೆ. ಪಠ್ಯಪುಸ್ತಕದ ಮರದ ತುಂಡಿನಂತೆ ಟೈರು ವರ್ತಿಸುವುದಿಲ್ಲ. ರಬ್ಬರು ಮೆತ್ತಗಿನ ವಸ್ತು, ರಸ್ತೆಯ ಉಬ್ಬುತಗ್ಗುಗಳಿಗೆ ಇಳಿದು ಹಿಡಿಯುತ್ತದೆ. ಮೇಲಿನ ಭಾರ ಹೆಚ್ಚಿದಂತೆ ಹಿಡಿತ ಹೆಚ್ಚುತ್ತದೆ ನಿಜ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಭಾರವನ್ನು ಇಮ್ಮಡಿ ಮಾಡಿದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ. ಈಗ ಕಾರು ಎಡಕ್ಕೆ ತಿರುಗುತ್ತಿದೆ ಎಂದುಕೊಳ್ಳಿ. ಒಡಲು ಬಲಕ್ಕೆ ವಾಲುತ್ತದೆ, ಎಡಗಡೆಯ ಟೈರುಗಳ ಮೇಲಿನ ಭಾರ ಬಲಗಡೆಯವಕ್ಕೆ ದಾಟುತ್ತದೆ. ಬಲಗಡೆ ಗಳಿಸಿದ ಹಿಡಿತ ಎಡಗಡೆ ಕಳೆದುಕೊಂಡದ್ದಕ್ಕಿಂತ ಕಡಿಮೆ. ಒಟ್ಟು ಲೆಕ್ಕದಲ್ಲಿ ನಷ್ಟ. ಕಾರು ಭಾರವಾದಷ್ಟೂ, ಎತ್ತರವಾದಷ್ಟೂ ಹೀಗೆ ದಾಟುವ ಭಾರ ಹೆಚ್ಚು, ನಷ್ಟವೂ ಹೆಚ್ಚು. ಕಾರನ್ನು ಹಗುರ ಮಾಡಿದಾಗ ಒಂದೊಂದು ಟೈರೂ ತನಗೆ ಹಿತವಾದ ಭಾರದಲ್ಲಿ ಕೆಲಸ ಮಾಡುತ್ತದೆ. ಕಿತ್ತು ಹಾಕಿದ ಹಾಸು, ಆಡಿಯೊ, ಸ್ಟೆಪ್ನಿ ತಿರುವಿನಲ್ಲಿ ಹಿಡಿತವಾಗಿ ವಾಪಸು ಬರುವುದು ಹೀಗೆ.

ಬ್ರೇಕಿನ ಶಾಖದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಂಟೆಗೆ 180 ಕಿಲೋಮೀಟರ್, ಅಂದರೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಓಡುತ್ತಿರುವ 1350 ಕಿಲೋ ಕಾರಿನಲ್ಲಿ ಸುಮಾರು 16 ಲಕ್ಷ 87 ಸಾವಿರ ಜೂಲ್ ಚಲನಶಕ್ತಿ ಇರುತ್ತದೆ. 1230 ಕಿಲೋ ಕಾರಿನಲ್ಲಿ ಅದಕ್ಕಿಂತ ಒಂದೂವರೆ ಲಕ್ಷ ಜೂಲ್ ಕಡಿಮೆ. ಒಂದು ಟನ್ ಭಾರವನ್ನು ಹದಿನೈದು ಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವಷ್ಟು ಶಕ್ತಿ ಅದು. ಆ ವೇಗದಿಂದ ಪೂರ್ತಿ ನಿಲ್ಲುವವರೆಗೆ ಬ್ರೇಕು ಒತ್ತಿದಾಗಲೆಲ್ಲ ಆ ಒಂದೂವರೆ ಲಕ್ಷ ಜೂಲ್‌ನ ಶಾಖ ನಿಜವಾದ ಕಾರಿನ ಬ್ರೇಕ್ ಡಿಸ್ಕುಗಳಿಗೆ ತಗಲುವುದಿಲ್ಲ.

ಇನ್ನು ಗಾಳಿ. 2002ರ ಟೈಪ್ ಆರ್ 1270 ಕಿಲೋ. ಹಳೆಯ ಟೈಪ್ ಆರ್‌ಗಿಂತ 40 ಕಿಲೋ ಹೆಚ್ಚು. ಆದರೆ ಅದರ ಬಾನೆಟ್ ಕಾರ್ಬನ್ ನಾರಿನದು, ಅದರಲ್ಲಿ ಗಾಳಿ ಹೊರಹೋಗಲು ಕಿಂಡಿ, ಹಿಂದೆ ಕಾರ್ಬನ್ ಸ್ಪಾಯ್ಲರ್. ಕಾರಿನ ಹೊಟ್ಟೆಯಡಿಯ ಗಾಳಿಯನ್ನೂ ತಿದ್ದಿದ್ದರು. ಸಾಮಾನ್ಯ ಕಾರನ್ನು ವೇಗದಲ್ಲಿ ಗಾಳಿ ಸ್ವಲ್ಪ ಮೇಲೆತ್ತುತ್ತದೆ, ಈ ಕಾರನ್ನು ನೆಲಕ್ಕೆ ಒತ್ತುತ್ತದೆ. ಈ ಒತ್ತಡದ ಹೆಚ್ಚುಗಾರಿಕೆ ಏನೆಂದರೆ, ಅದು ಟೈರಿನ ಮೇಲಿನ ಭಾರ ಹೆಚ್ಚಿಸುತ್ತದೆ, ಆದರೆ ಕಾರಿನ ತೂಕ ಹೆಚ್ಚಿಸುವುದಿಲ್ಲ. ಹಿಡಿತ ಬರುತ್ತದೆ, ತಿರುಗಿಸಬೇಕಾದ ಹೊರೆ ಬರುವುದಿಲ್ಲ. ಆದರೆ ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 180 ಕಿಲೋಮೀಟರಿನಲ್ಲಿ ಸಿಗುವ ಒತ್ತಡದ ಒಂಬತ್ತನೇ ಒಂದು ಪಾಲು ಮಾತ್ರ 60ರಲ್ಲಿ ಸಿಗುತ್ತದೆ.

ಆದ್ದರಿಂದ ಎರಡು ಟೈಪ್ ಆರ್‌ಗಳ ನಡುವೆ ಆಯ್ಕೆ ಮಾಡುವಾಗ ಯಾವ ಟ್ರ್ಯಾಕಿನಲ್ಲಿ ಹೆಚ್ಚು ಓಡಿಸುತ್ತೀರಿ ಎಂಬುದೇ ಮುಖ್ಯ. ಆಟದಲ್ಲಿರುವ ಎರಡು ಜಪಾನಿ ಟ್ರ್ಯಾಕುಗಳನ್ನು ಹೋಲಿಸಿ ನೋಡಿ. ಸುಕುಬಾ ಎರಡು ಕಿಲೋಮೀಟರಿಗಿಂತ ತುಸು ಉದ್ದ, ನಿಧಾನದ ಹೇರ್‌ಪಿನ್ ತಿರುವುಗಳದ್ದೇ ರಾಜ್ಯ. ಅಲ್ಲಿ ಗಾಳಿಗೆ ಕೆಲಸ ಕಡಿಮೆ, ತೂಕಕ್ಕೆ ಕೆಲಸ ಹೆಚ್ಚು. ಸುಜುಕಾ 5.8 ಕಿಲೋಮೀಟರ್. ಅಲ್ಲಿ ‘130ಆರ್’ ಎಂಬ ಪ್ರಸಿದ್ಧ ತಿರುವಿದೆ, 130 ಮೀಟರ್ ತ್ರಿಜ್ಯದಿಂದ ಬಂದ ಹೆಸರು (2003ರಲ್ಲಿ ಅದರ ಆಕಾರ ಬದಲಾಯಿತು). ಅಷ್ಟು ತ್ರಿಜ್ಯದ ತಿರುವಿನಲ್ಲಿ ಕಾರಿನ ತೂಕಕ್ಕೆ ಸಮನಾದ ಹಿಡಿತವಿದ್ದರೆ ಗಂಟೆಗೆ ಸುಮಾರು 129 ಕಿಲೋಮೀಟರಿನಲ್ಲಿ ಹೋಗಬಹುದು. ಹಿಡಿತ ಶೇ 10 ಹೆಚ್ಚಾದರೆ 135ರ ಹತ್ತಿರ ಹೋಗಬಹುದು. ತಿರುವಿನಲ್ಲಿ ಗಳಿಸಿದ ಆ ಆರು ಕಿಲೋಮೀಟರನ್ನು ಮುಂದಿನ ನೇರ ದಾರಿಗೂ ಹೊತ್ತುಕೊಂಡು ಹೋಗುತ್ತೀರಿ. ಲ್ಯಾಪ್ ಟೈಮ್ ಇಳಿಯುವುದು ಅಲ್ಲಿ. ಆಗ 2002ರ ಕಾರಿನ ಹೆಚ್ಚುವರಿ 40 ಕಿಲೋ ಮರೆತುಹೋಗುತ್ತದೆ.

ಅಂದಹಾಗೆ ಇದೇ ಸುಜುಕಾದಲ್ಲಿ 1989ರಲ್ಲಿ ಫಾರ್ಮುಲಾ ಒನ್ ಚಾಲಕ ಅಯರ್ಟನ್ ಸೆನ್ನಾ ಎನ್‌ಎಸ್‌ಎಕ್ಸ್‌ನ ಪರೀಕ್ಷಾ ಮಾದರಿ ಓಡಿಸಿ, ಒಡಲು ಇನ್ನೂ ಬಿಗಿಯಾಗಬೇಕು ಎಂದಿದ್ದ. ಹೋಂಡಾ ಅದನ್ನು ಕೇಳಿ ತಿದ್ದಿಕೊಂಡಿತು. ಒಡಲು ಬಳುಕಿದರೆ ಸಸ್ಪೆನ್ಷನ್ ಎಷ್ಟೇ ಚೆನ್ನಾಗಿದ್ದರೂ ಟೈರಿನ ಕೋನ ಕೈತಪ್ಪುತ್ತದೆ.

ಒಂದು ಎಚ್ಚರಿಕೆ. ಎನ್‌ಎಸ್‌ಎಕ್ಸ್‌ನ ಎಂಜಿನ್ ಚಾಲಕನ ಬೆನ್ನ ಹಿಂದೆ, ಹಿಂದಿನ ಚಕ್ರಗಳ ಮುಂದೆ ಇದೆ. ಭಾರವೆಲ್ಲ ನಡುವಿನ ಹತ್ತಿರವೇ. ಎರಡು ತುಂಬಿದ ಕೊಡಗಳನ್ನು ಚಾಚಿದ ಕೈಗಳಲ್ಲಿ ಹಿಡಿದು ಗಿರ್ರನೆ ತಿರುಗಿ ನೋಡಿ, ಆಮೇಲೆ ಅವನ್ನೇ ಎದೆಗವಚಿಕೊಂಡು ತಿರುಗಿ ನೋಡಿ. ಎರಡನೆಯದು ಸಲೀಸು. ಕಾರೂ ಹಾಗೆಯೇ ಚಟ್ಟನೆ ತಿರುಗುತ್ತದೆ, ಹಿಂಬದಿ ಜಾರಿದರೆ ಅಷ್ಟೇ ಚಟ್ಟನೆ ಬುಗುರಿಯೂ ಆಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರಿನಿಂದ ಹಠಾತ್ತನೆ ಕಾಲು ತೆಗೆದರೆ ಭಾರ ಮುಂದಕ್ಕೆ ಹೋಗಿ ಹಿಂದಿನ ಟೈರು ಹಿಡಿತ ಬಿಡುತ್ತದೆ. ಬಿಗಿ ಸಸ್ಪೆನ್ಷನ್ನಿನ ಟೈಪ್ ಆರ್ ಇದಕ್ಕೆ ಮುನ್ಸೂಚನೆ ಕೊಡುವುದು ಕಡಿಮೆ. ಹೊಸದಾಗಿ ಆಡುವವರಿಗೆ 1320 ಕಿಲೋ ತೂಗುವ 1997ರ ಟೈಪ್ ಎಸ್ ಒಳ್ಳೆಯ ಗುರು.

ಟೈರಿನ ವಿಷಯವನ್ನೂ ಮರೆಯಬಾರದು. ಆಟದಲ್ಲಿ ಸಾಧಾರಣ ಟೈರು ತೆಗೆದು ರೇಸಿಂಗ್ ಟೈರು ಹಾಕಿದರೆ ಬರುವ ಬದಲಾವಣೆಯ ಮುಂದೆ ಈ ರೂಪಭೇದಗಳೆಲ್ಲ ಸಣ್ಣವಾಗುತ್ತವೆ. ಕೈಯಲ್ಲಿದ್ದ ದುಡ್ಡನ್ನೆಲ್ಲ ದುಬಾರಿ ಮಾದರಿಗೇ ಸುರಿದು ಟೈರಿಗೆ ಏನೂ ಉಳಿಸದಿರುವುದು ತಪ್ಪು ಲೆಕ್ಕ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಸುಜುಕಾದಂಥ ವೇಗದ ಟ್ರ್ಯಾಕೇ ನಿನ್ನ ಗುರಿಯಾದರೆ 2002ರದ್ದು ತಗೋ. ಒಂದೇ ಕಾರು, ಎಲ್ಲಾ ಕಡೆ ಅದರಲ್ಲೇ ಓಡಬೇಕೆಂದರೆ 1992ರ ಟೈಪ್ ಆರ್ ತಗೋ, ಉಳಿದ ದುಡ್ಡಿಗೆ ಟೈರು ಹಾಕಿಸು. ಅವನು 1992ರದ್ದನ್ನೇ ಕೊಂಡ. ಹೋಂಡಾ ಆ ಕಾರನ್ನು ನಿಜದಲ್ಲಿ ತಯಾರಿಸಿದ್ದು 483 ಮಾತ್ರ.