ಪ್ರತಿ ಬರೆದ ಕೈಗಳು: ಇಟಲಿಯ ಇಗರ್ಜಿಯಿಂದ ಅಜಂತಾ ಗುಹೆಯವರೆಗೆ

ಶಾಲೆಯಲ್ಲಿ ನಕಲು ಮಾಡಿದವನಿಗೆ ಬೆತ್ತದ ರುಚಿ ಖಂಡಿತ. ಆದರೆ ಕಲೆಯ ಲೋಕದಲ್ಲಿ ಪ್ರತಿ ಮಾಡುವವನ ಸ್ಥಾನವೇ ಬೇರೆ. ಓಲೆಗರಿಯ ಕಾವ್ಯಗಳು ಇಂದು ನಮ್ಮ ಕೈಗೆ ಸಿಕ್ಕಿದ್ದರೆ ಅದಕ್ಕೆ ತಲೆಮಾರುಗಳ ಲಿಪಿಕಾರರು ಕೂತು ಪ್ರತಿ ಮಾಡಿದ್ದೇ ಕಾರಣ. ಚಿತ್ರಗಳಿಗೂ ಅಂಥ ಲಿಪಿಕಾರರಿದ್ದರು. ಅವರಲ್ಲೊಬ್ಬ ಇಂಗ್ಲಿಷ್ ಮಹಿಳೆಯ ಕಥೆ ಮಹಾರಾಷ್ಟ್ರದ ಅಜಂತಾವನ್ನೂ ನಮ್ಮ ಮೈಸೂರನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ.

ಮೊಟ್ಟೆಯ ಹಳದಿಯ ಬಣ್ಣ

ಆಕೆಯ ಹೆಸರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್. ಲಂಡನ್ನಿನ ವೈದ್ಯರೊಬ್ಬರ ಪತ್ನಿ, ಸ್ವತಃ ಚಿತ್ರಕಲಾವಿದೆ. 14 ಮತ್ತು 15ನೇ ಶತಮಾನದ ಇಟಲಿಯ ಧಾರ್ಮಿಕ ಚಿತ್ರಗಳೆಂದರೆ ಆಕೆಗೆ ಪ್ರಾಣ. ಮರದ ಹಲಗೆಗೆ ಅಂಟು ಬೆರೆಸಿದ ಜಿಪ್ಸಮ್ ಲೇಪಿಸಿ, ನಯವಾಗಿ ಉಜ್ಜಿ, ಅದರ ಮೇಲೆ ಚಿನ್ನದ ತಗಡು ಹಚ್ಚಿ ಮೇರಿ ಮಾತೆಯನ್ನೂ ಸಂತರನ್ನೂ ಬರೆಯುತ್ತಿದ್ದ ಕಾಲವದು. ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿ ಮತ್ತು ನೀರಿನಲ್ಲಿ ಕಲಸುತ್ತಿದ್ದರು. ಇದಕ್ಕೆ ಟೆಂಪೆರಾ ಎನ್ನುತ್ತಾರೆ. ಈ ಬಣ್ಣ ಕ್ಷಣದಲ್ಲಿ ಒಣಗುವುದರಿಂದ ಎಣ್ಣೆಬಣ್ಣದಂತೆ ಎಳೆದು ಬೆರೆಸಲು ಬರುವುದಿಲ್ಲ. ಸಣ್ಣ ಕುಂಚದಿಂದ ಗೆರೆಯ ಪಕ್ಕ ಗೆರೆ ಕೂರಿಸುತ್ತಲೇ ಹೋಗಬೇಕು.

ಎಣ್ಣೆಬಣ್ಣದ ಅಬ್ಬರದಲ್ಲಿ ಈ ವಿದ್ಯೆ ಮೂಲೆ ಸೇರಿತ್ತು. 1400ರ ಸುಮಾರಿನ ಇಟಲಿಯ ಕಲಾವಿದ ಚೆನ್ನಿನೊ ಚೆನ್ನಿನಿ ಬರೆದಿಟ್ಟ ಕಸುಬಿನ ಕೈಪಿಡಿಯನ್ನು ಹೆರಿಂಗ್‌ಹ್ಯಾಮ್ 1899ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಬರೇ ಅನುವಾದಿಸಿ ಸುಮ್ಮನಾಗಲಿಲ್ಲ. ಅದರಲ್ಲಿ ಹೇಳಿದಂತೆಯೇ ಬಣ್ಣ ಅರೆದು, ಬೊಟಿಚೆಲ್ಲಿಯಂಥ ಹಳಬರ ಚಿತ್ರಗಳನ್ನು ಕೈಯಾರೆ ಪ್ರತಿ ಮಾಡಿ ಪರೀಕ್ಷಿಸಿದರು. ಮೂಲಚಿತ್ರ ಹೇಗಾಯಿತೆಂದು ಗೊತ್ತಾಗುವುದು ಹಾಗೆ ಮತ್ತೊಮ್ಮೆ ಮಾಡಿದಾಗಲೇ ಎಂಬುದು ಅವರ ನಂಬಿಕೆಯಾಗಿತ್ತು. 1901ರಲ್ಲಿ ಟೆಂಪೆರಾ ಕಲಾವಿದರ ಸಂಘವೊಂದು ಲಂಡನ್ನಿನಲ್ಲಿ ಹುಟ್ಟಿಕೊಂಡಾಗ ಮುಂದೆ ನಿಂತವರಲ್ಲಿ ಅವರೂ ಒಬ್ಬರು.

ಬೆಂಕಿಗೆ ಆಹುತಿಯಾದ ಪ್ರತಿಗಳು

ಇಟಲಿಯ ಚಿತ್ರಗಳಲ್ಲಿ ಪಳಗಿದ ಈ ಕಣ್ಣು ಮುಂದೆ ಅಜಂತಾದ ಮೇಲೆ ಬಿತ್ತು. ಅಜಂತಾದ ಬೌದ್ಧ ಚಿತ್ರಗಳು ಇಟಲಿಯವಕ್ಕಿಂತ ಸಾವಿರ ವರ್ಷ ಹಳೆಯವು. ಅವುಗಳನ್ನು ಪ್ರತಿ ಮಾಡುವ ಕೆಲಸ ಆಗಲೇ ಎರಡು ಸಲ ನಡೆದು, ಎರಡು ಸಲವೂ ಪೆಟ್ಟು ತಿಂದಿತ್ತು. 1844ರಲ್ಲಿ ನೇಮಕಗೊಂಡ ರಾಬರ್ಟ್ ಗಿಲ್ ಎಂಬ ಸೇನಾಧಿಕಾರಿ ವರ್ಷಗಟ್ಟಲೆ ಗುಹೆಯಲ್ಲಿ ಕೂತು ಬರೆದ ಚಿತ್ರಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಯಲ್ಲಿ ಸುಟ್ಟುಹೋದವು.

ಎರಡನೆಯ ಪ್ರಯತ್ನ ನಮ್ಮ ಮುಂಬಯಿಯದು. ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್, ಪೆಸ್ತನ್‌ಜಿ ಬೊಮನ್‌ಜಿ ಮೊದಲಾದ ವಿದ್ಯಾರ್ಥಿಗಳೊಂದಿಗೆ 1872ರಿಂದ 1885ರವರೆಗೆ ಸುಮಾರು 300 ಚಿತ್ರಗಳನ್ನು ಬರೆಸಿದರು. ಲಂಡನ್ನಿಗೆ ಹೋದ ಅವುಗಳಲ್ಲಿ ಹಲವು 1885ರ ಬೆಂಕಿಯಲ್ಲಿ ಹಾಳಾದವು. ಉಳಿದವು ಅಲ್ಲಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಬಣ್ಣ ಎದ್ದು ಕಾಣಲೆಂದು ಗೋಡೆಗೆ ಬಳಿದ ವಾರ್ನಿಷ್ ಮೂಲಚಿತ್ರಗಳಿಗೆ ಕೇಡನ್ನೇ ಮಾಡಿತು. ಪ್ರತಿ ಮಾಡುವ ಆತುರದಲ್ಲಿ ಮೂಲಕ್ಕೇ ಕುತ್ತು ತಂದ ಈ ಪಾಠವನ್ನು ಮರೆಯುವಂತಿಲ್ಲ.

ಗುಹೆಯಲ್ಲೊಬ್ಬ ಮೈಸೂರಿನ ಹುಡುಗ

ಹೆರಿಂಗ್‌ಹ್ಯಾಮ್ 1909-10 ಮತ್ತು 1910-11ರ ಎರಡು ಚಳಿಗಾಲಗಳಲ್ಲಿ ಅಜಂತಾದಲ್ಲಿ ಕೆಲಸ ಮಾಡಿದರು. ಮಂದ ಬೆಳಕು, ಬಾವಲಿಗಳ ಕಾಟ, ಉದುರುತ್ತಿರುವ ಗಾರೆ. ಆಗ ಅಜಂತಾ ನಿಜಾಮರ ಸೀಮೆ. ಹೈದರಾಬಾದಿನಿಂದ ಸೈಯದ್ ಅಹ್ಮದ್ ಮತ್ತು ಮಹಮ್ಮದ್ ಫಜ್ಲುದ್ದೀನ್ ಬಂದರು. ಕಲ್ಕತ್ತಾದಿಂದ ಅವನೀಂದ್ರನಾಥ ಠಾಕೂರರ ಶಿಷ್ಯರು ಬಂದರು: ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ, ಅವರ ಜತೆಗೆ ನಮ್ಮ ಕೆ. ವೆಂಕಟಪ್ಪ.

ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದ ವೆಂಕಟಪ್ಪನವರನ್ನು ಕಲ್ಕತ್ತಾಕ್ಕೆ ಕಲಿಯಲು ಕಳಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಪರಊರಿಗೆ ಬಂದು ವಿದ್ಯೆ ಕಲಿತ ಆ ಯುವಕನ ಪಾಡು ಹೊರನಾಡಿನ ನಮಗೆ ಅರ್ಥವಾಗದ್ದೇನಲ್ಲ. ಮುಂದೆ ಅವರು ನಾಡಿಗೆ ಮರಳಿ, ನೀಲಗಿರಿ ಮತ್ತು ಕೊಡೈಕೆನಾಲಿನ ಜಲವರ್ಣ ಚಿತ್ರಗಳಿಂದ ಹೆಸರಾದರು. ವೀಣೆಯನ್ನೂ ತಪಸ್ಸಿನಂತೆ ಸಾಧಿಸಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿ ಅವರ ನೆನಪಿನದು. ನಂದಲಾಲರ ಕೈ ಮುಂದೆ ನಮ್ಮ ಸಂವಿಧಾನದ ಮೂಲಪ್ರತಿಯನ್ನೇ ಅಲಂಕರಿಸಿತು. ಸೈಯದ್ ಅಹ್ಮದ್ ಅಜಂತಾದ ಕಾಳಜಿಯ ಹೊಣೆ ಹೊತ್ತರು. ಪ್ರತಿ ಮಾಡಲು ಹೋದವರು ಬರಿಗೈಯಲ್ಲಿ ಮರಳಲಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆ ಪ್ರತಿಗಳು 1915ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿಯಿಂದ ಪುಸ್ತಕವಾಗಿ ಹೊರಬಂದವು. ಆದರೆ ಹೆರಿಂಗ್‌ಹ್ಯಾಮ್ 1911ರಲ್ಲಿ ಊರಿಗೆ ಮರಳಿದ ಬಳಿಕ ಮಾನಸಿಕ ಕಾಯಿಲೆಗೆ ತುತ್ತಾಗಿದ್ದರು. ಮತ್ತೆ ಚೇತರಿಸಿಕೊಳ್ಳದೆ 1929ರಲ್ಲಿ ತೀರಿಕೊಂಡರು.

ನಮ್ಮ ಪಾಲಿಗೆ ಉಳಿದ ಕೆಲಸ

ಇಂದು ಕೆಮರಾ ಎಲ್ಲರ ಜೇಬಿನಲ್ಲಿದೆ. ಒಂದು ಕ್ಷಣದಲ್ಲಿ ಚಿತ್ರ ಸಿಗುತ್ತದೆ. ಆದರೆ ಗೆರೆ ಎಲ್ಲಿ ಶುರುವಾಯಿತು, ಯಾವ ಬಣ್ಣದ ಮೇಲೆ ಯಾವುದು ಕೂತಿತು ಎಂಬುದು ಪ್ರತಿ ಬರೆಯುವ ಕೈಗಷ್ಟೇ ತಿಳಿಯುವ ಗುಟ್ಟು. ಹಂಪಿಯ ವಿರೂಪಾಕ್ಷ ದೇಗುಲದ ರಂಗಮಂಟಪದ ಚಾವಣಿಯಲ್ಲಿ, ಗಡಿಯಾಚೆಯ ಲೇಪಾಕ್ಷಿಯ ವೀರಭದ್ರ ಗುಡಿಯಲ್ಲಿ ಇರುವ ಚಿತ್ರಗಳೂ ಇಂಥ ಕಣ್ಣುಗಳಿಗಾಗಿ ಕಾದಿವೆ.

ನಮ್ಮ ಸಂಘಗಳು ವರ್ಷವರ್ಷವೂ ಪ್ರವಾಸ ಏರ್ಪಡಿಸುತ್ತವೆ, ಮಕ್ಕಳಿಗೆ ಚಿತ್ರಕಲಾ ಸ್ಪರ್ಧೆಯನ್ನೂ ನಡೆಸುತ್ತವೆ. ಇವೆರಡನ್ನೂ ಒಂದು ಮಾಡಿದರೆ ಹೇಗೆ? ಬಸ್ಸಿನಲ್ಲಿ ತಿಂಡಿಯ ಡಬ್ಬಿಗಳ ಜತೆ ಒಂದಿಷ್ಟು ಹಾಳೆ, ಪೆನ್ಸಿಲ್ ಇರಲಿ. ಗೋಡೆಯನ್ನು ಮುಟ್ಟದೆ, ಒಂದು ಮುಖವನ್ನೋ ಒಂದು ಕೈಬೆರಳನ್ನೋ ಮಗು ಅರ್ಧ ತಾಸು ನೋಡಿ ಬರೆಯಲಿ. ಬರೆದದ್ದು ಸೊಟ್ಟಗಾದರೂ ಸರಿ, ನೋಡಿದ್ದು ಮಾತ್ರ ಆಯುಷ್ಯಪೂರ್ತಿ ಉಳಿಯುತ್ತದೆ.