ವೀರಗಲ್ಲಿನ ಸುರಾಂಗನೆ, ಟ್ರಂಕಿನ ಚಿತ್ರತಾರೆ

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿರುವ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಬುಡದ ಪಟ್ಟಿಕೆಯಲ್ಲಿ ಕಾಳಗ: ಎತ್ತಿದ ಕತ್ತಿ, ಹೆದೆಯೇರಿದ ಬಿಲ್ಲು, ಕಾಲಡಿ ಉರುಳಿದ ಹೆಣ. ತುದಿಯಲ್ಲಿ ಲಿಂಗದ ಎದುರು ಕೈಮುಗಿದು ಕೂತ ವೀರ, ಪಕ್ಕದಲ್ಲಿ ನಂದಿ, ಮೇಲೆ ಸೂರ್ಯಚಂದ್ರರು. ನನ್ನನ್ನು ಹಿಡಿದು ನಿಲ್ಲಿಸುವುದು ಇವೆರಡರ ನಡುವಿನ ಪಟ್ಟಿಕೆ. ಅಲ್ಲಿ ಇಬ್ಬರು ಹೆಂಗಸರು ಸತ್ತವನ ಎರಡೂ ತೋಳು ಹಿಡಿದು ಆಕಾಶಕ್ಕೆ ಒಯ್ಯುತ್ತಾರೆ. ತುರುಬು, ಕೊರಳ ಹಾರ, ತುಸು ಬಳುಕಿದ ನಡು. ಎಷ್ಟೋ ಕಲ್ಲುಗಳಲ್ಲಿ ಶಿಲ್ಪಿಯ ಉಳಿ ಕಾಳಗದಲ್ಲಿ ಅವಸರಪಟ್ಟು ಇಲ್ಲಿಗೆ ಬಂದಾಗ ನಿಧಾನಿಸಿದೆ.

ಇವರು ಸುರಾಂಗನೆಯರು. ಗೆದ್ದರೆ ಸಿರಿ ನಿನ್ನದು, ಸತ್ತರೆ ಸುರಾಂಗನೆ ನಿನ್ನವಳು, ಕ್ಷಣದಲ್ಲಿ ಅಳಿಯುವ ಈ ಮೈಗಾಗಿ ಕಾಳಗದಲ್ಲಿ ಅಂಜುವುದೇಕೆ ಎಂಬರ್ಥದ ಸಂಸ್ಕೃತ ಶ್ಲೋಕವೊಂದು ಕರ್ನಾಟಕದ ವೀರಗಲ್ಲು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಊರಬಾಗಿಲಲ್ಲೋ ದೇವಸ್ಥಾನದ ಮುಂದೋ ನಿಂತ ಈ ಕಲ್ಲುಗಳನ್ನು ನೋಡುತ್ತ ಬೆಳೆದ ಹುಡುಗ ನಾಳೆ ತುರುಗಳ್ಳರ ಬೆನ್ನು ಹತ್ತಬೇಕಾದವನು. ಕಲ್ಲು ಸತ್ತವನ ನೆನಪಿಗೆ ನಿಂತದ್ದು ನಿಜ, ಬದುಕಿರುವವನ ಎದೆ ಗಟ್ಟಿಯಾಗಲಿ ಎಂದು ನಿಂತದ್ದೂ ಅಷ್ಟೇ ನಿಜ. ಸೈನಿಕನ ಕಣ್ಣಮುಂದೆ ಹೆಣ್ಣಿನ ಚಿತ್ರವಿಟ್ಟು ಸ್ಥೈರ್ಯ ತುಂಬುವ ವಿದ್ಯೆ ನಮ್ಮ ಮಲೆನಾಡಿಗೆ ಬಹಳ ಹಳೆಯದು.

ಎರಡನೇ ಮಹಾಯುದ್ಧದ ಹೊತ್ತಿಗೆ ಆ ಚಿತ್ರ ಕಲ್ಲಿನಿಂದ ಕಾಗದಕ್ಕೆ ಇಳಿದಿತ್ತು. 1943ರಲ್ಲಿ ಫ್ರಾಂಕ್ ಪೊವೊಲ್ನಿ ಎಂಬ ಛಾಯಾಗ್ರಾಹಕ ಹಾಲಿವುಡ್ ನಟಿ ಬೆಟ್ಟಿ ಗ್ರೇಬಲ್ ಅವರ ಒಂದು ಫೋಟೊ ತೆಗೆದರು. ಬಿಳಿ ಈಜುಡುಗೆ, ನಮಗೆ ಬೆನ್ನು ಹಾಕಿ ನಿಂತು, ಹೆಗಲ ಮೇಲಿಂದ ತಿರುಗಿ ನಗುತ್ತಿದ್ದಾರೆ. ಅದರ ಸುಮಾರು 50 ಲಕ್ಷ ಪ್ರತಿಗಳು ಅಮೆರಿಕದ ಸೈನಿಕರಿಗೆ ಹಂಚಿಕೆಯಾದವೆಂಬ ಲೆಕ್ಕವಿದೆ. ಬ್ಯಾರಕ್ಕಿನ ಗೋಡೆಗೆ ಪಿನ್ನು ಚುಚ್ಚಿ ಅಂಟಿಸುವ ಈ ಚಿತ್ರಗಳನ್ನು ಪಿನ್‌-ಅಪ್ ಎಂದರು. ಸೇನೆಯೇ ಹೊರಡಿಸುತ್ತಿದ್ದ ‘ಯಾಂಕ್’ ವಾರಪತ್ರಿಕೆಯಲ್ಲಿ ಅವಕ್ಕೆ ಕಾಯಂ ಜಾಗವಿತ್ತು. ಅದೇ ಸರ್ಕಾರದ ಅಂಚೆ ಇಲಾಖೆ ಮಾತ್ರ ಆಲ್ಬರ್ಟೊ ವರ್ಗಾಸ್ ಚಿತ್ರಗಳನ್ನು ಪ್ರಕಟಿಸುತ್ತಿದ್ದ ‘ಎಸ್ಕ್ವೈರ್’ ಪತ್ರಿಕೆಯ ಅಂಚೆ ರಿಯಾಯಿತಿ ಕಿತ್ತುಕೊಳ್ಳಲು ಹೊರಟಿತು. 1946ರಲ್ಲಿ ಸುಪ್ರೀಂ ಕೋರ್ಟ್ ಪತ್ರಿಕೆಯ ಪರವಾಗಿ ತೀರ್ಪು ಕೊಟ್ಟಿತು.

ಕಪ್ಪು ಸೈನಿಕರ ಗೋಡೆಯ ಮೇಲಿದ್ದವರು ಗಾಯಕಿ ಲೀನಾ ಹಾರ್ನ್. ಒಂದು ಶಿಬಿರದಲ್ಲಿ ಸೆರೆಸಿಕ್ಕ ಜರ್ಮನ್ನರನ್ನು ಮುಂದೆ ಕೂರಿಸಿ, ತಮ್ಮದೇ ದೇಶದ ಕಪ್ಪು ಸೈನಿಕರನ್ನು ಹಿಂದಕ್ಕೆ ತಳ್ಳಿದ್ದನ್ನು ಕಂಡು ಆಕೆ ಸಿಡಿದೆದ್ದರು. ಗೋಡೆಯ ಚಿತ್ರ ಬಾಯಿಬಿಟ್ಟು ಮಾತಾಡಿದ ಆ ಪ್ರಸಂಗ ನನಗೆ ಗ್ರೇಬಲ್ ಅವರ 50 ಲಕ್ಷ ಪ್ರತಿಗಳಿಗಿಂತ ದೊಡ್ಡದು.

ಇಂಥ ಚಿತ್ರಗಳಿಂದ ಮನೋಬಲ ಹೆಚ್ಚಿತೇ? ತಕ್ಕಡಿಯಲ್ಲಿಟ್ಟು ತೂಗುವ ವಿಷಯವಲ್ಲ ಇದು. ಆದರೆ ಶತ್ರುಗಳು ಕೊಟ್ಟ ಸಾಕ್ಷಿಯೊಂದಿದೆ. ಜರ್ಮನ್ನರೂ ಜಪಾನೀಯರೂ ಎದುರಾಳಿ ಪಡೆಗಳ ಮೇಲೆ ಉದುರಿಸಿದ ಕರಪತ್ರಗಳಲ್ಲಿಯೂ ಹೆಣ್ಣಿನ ಚಿತ್ರವೇ ಇರುತ್ತಿತ್ತು: ನೀನಿಲ್ಲಿ ಸಾಯುತ್ತಿದ್ದೀಯೆ, ನಿನ್ನವಳು ಊರಲ್ಲಿ ಇನ್ನೊಬ್ಬನ ತೋಳಿನಲ್ಲಿದ್ದಾಳೆ. ಸೈನಿಕನ ಜೀವ ಎಲ್ಲಿ ಸಿಕ್ಕಿಕೊಂಡಿದೆ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಮನೆಗೆ ಮರಳುವ ಆಸೆ ಅವನನ್ನು ನಿಲ್ಲಿಸಿತ್ತು. ಮರಳಿದರೆ ಅಲ್ಲಿ ಯಾರೂ ಕಾದಿಲ್ಲ ಎಂಬ ಅನುಮಾನ ಅವನನ್ನು ಕೆಡವಬಲ್ಲದಾಗಿತ್ತು. ವೀರಗಲ್ಲಿನ ಹೆಣ್ಣು ಸಾವಿನ ಕಡೆಗೆ ಕರೆದಳು, ಬ್ಯಾರಕ್ಕಿನ ಗೋಡೆಯ ಹೆಣ್ಣು ಮನೆಯ ಕಡೆಗೆ ಕರೆದಳು. ನನ್ನ ಮಟ್ಟಿಗೆ ಎರಡನೆಯವಳದ್ದೇ ಹೆಚ್ಚು ಮನುಷ್ಯಸಹಜ ಕರೆ.

ಈ ಗಾಳಿ ಬೆಂಗಳೂರಿಗೂ ಬೀಸಿತ್ತು. ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕನ್ ವಾಯುಪಡೆಯ ಉಸ್ತುವಾರಿಗೆ ಹೋಗಿ 84ನೇ ಏರ್ ಡಿಪೋ ಆಯಿತು. ಕ್ಯಾಟಲಿನಾ ಎಂಬ ನೀರಿಗಿಳಿಯುವ ವಿಮಾನಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಭಾರತ, ಬರ್ಮಾ, ಚೀನಾ ರಂಗದಲ್ಲಿ ಹಾರುತ್ತಿದ್ದ ಅಮೆರಿಕನ್ ಬಾಂಬರುಗಳ ಮೂತಿಯ ಮೇಲೆ ವರ್ಗಾಸ್ ಮಾದರಿಯ ಹುಡುಗಿಯರನ್ನು ಬಣ್ಣದಲ್ಲಿ ಬರೆಯುವುದು ರೂಢಿಯಾಗಿತ್ತು.

ನಮ್ಮ ಸಿಪಾಯಿಗಳ ಪಾಲಿಗೆ ಏನಿತ್ತು? ಆ ಯುದ್ಧದಲ್ಲಿ 25 ಲಕ್ಷ ಭಾರತೀಯರು ಸಮವಸ್ತ್ರ ತೊಟ್ಟಿದ್ದರು. ಅವರಿಗೆಂದು ಯಾರೂ 50 ಲಕ್ಷ ಫೋಟೊ ಅಚ್ಚು ಹಾಕಿಸಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆ ಜಾಗವನ್ನು ಸಿನಿಮಾ ತುಂಬಿತು. ಚೀನಾ ಯುದ್ಧದ ನಂತರ ಸುನಿಲ್ ದತ್ ಮತ್ತು ನರ್ಗಿಸ್ ತಂಡ ಕಟ್ಟಿಕೊಂಡು ಗಡಿ ಠಾಣೆಗಳಿಗೇ ಹೋಗಿ ಹಾಡಿ ಕುಣಿದರು. ವಿವಿಧಭಾರತಿಯ ‘ಜಯಮಾಲಾ’ದಲ್ಲಿ ಚಿತ್ರತಾರೆಯರು ಫೌಜಿ ಅಣ್ಣಂದಿರನ್ನು ಮಾತಾಡಿಸುತ್ತಿದ್ದರು. 1999ರ ಕಾರ್ಗಿಲ್ ಯುದ್ಧದಲ್ಲಿ ಬಾಂಬೊಂದರ ಮೇಲೆ ರವೀನಾ ಟಂಡನ್ ಹೆಸರು ಬರೆದು, ಅವರ ಕಡೆಯಿಂದ ನವಾಜ್ ಷರೀಫರಿಗೆ ಎಂದು ಸೇರಿಸಿದ ಫೋಟೊ ಇಂದಿಗೂ ಓಡಾಡುತ್ತಿದೆ. ಮನೆಯ ನೆನಪು ತರಬೇಕಾದ ಹೆಸರನ್ನು ಮದ್ದಿನ ಮೇಲೆ ಬರೆದದ್ದು ನನಗೆ ಒಪ್ಪಿಗೆಯಾಗಿಲ್ಲ. ಅಲ್ಲಿ ಆಕೆ ಮತ್ತೆ ಸುರಾಂಗನೆಯಾಗಿಬಿಟ್ಟರು.

ಭದ್ರಾವತಿಯ ಹಳೇನಗರದಲ್ಲಿರುವ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಅವರ ಮಿಲಿಟರಿ ಟ್ರಂಕು ಇದೆ. ಕಪ್ಪು ಬಣ್ಣ, ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು. ಮುಚ್ಚಳ ಎತ್ತಿದರೆ ಒಳಬದಿಯಲ್ಲಿ ಧರ್ಮಸ್ಥಳದ ಮಂಜುನಾಥಸ್ವಾಮಿ, ಅದರ ಕೆಳಗೆ ಸ್ಟುಡಿಯೋದಲ್ಲಿ ತೆಗೆಸಿದ ಮದುವೆ ಫೋಟೊ, ಪಕ್ಕದಲ್ಲಿ ಯಾವುದೋ ವಾರಪತ್ರಿಕೆಯಿಂದ ಕತ್ತರಿಸಿದ ಕನ್ನಡದ ಚಿತ್ರತಾರೆ ಕಲ್ಪನಾ. ಕತ್ತರಿ ಸೆರಗಿನ ಅಂಚಿಗುಂಟ ನಿಧಾನವಾಗಿ ಓಡಿದೆ. ಮೂಲೆಗಳಲ್ಲಿ ಅಂಟು ಕಂದಿದೆ. ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, 1971ರ ಯುದ್ಧ ಕಂಡವರು.

“ಈ ಚಿತ್ರ ನೋಡಿ ನಿಮಗೆ ಬೇಜಾರಾಗ್ಲಿಲ್ವಾ ದೊಡ್ಡಮ್ಮ?” ಎಂದು ಕೇಳಿದ್ದೆ.

“ಯಾಕೆ ಬೇಜಾರು? ಅವಳನ್ನ ನೋಡಿದ್ರೆ ಊರು ಕಂಡಂಗಾಗೋದಂತೆ. ವರ್ಷಕ್ಕೆ ಎರಡು ತಿಂಗಳು ರಜ. ಮಿಕ್ಕ ದಿನ ಕನ್ನಡದ ಮುಖ ಅಂತ ಅವರಿಗೆ ಇದ್ದಿದ್ದು ಅದೊಂದೇ.”

ವೀರಗಲ್ಲಿನ ಪಕ್ಕದಲ್ಲಿ ಎಷ್ಟೋ ಕಡೆ ಮಾಸ್ತಿಕಲ್ಲೂ ಇರುತ್ತದೆ. ಕಂಬದಿಂದ ಹೊರಚಾಚಿದ ಬಳೆತೊಟ್ಟ ತೋಳು, ಬೆರಳಲ್ಲಿ ನಿಂಬೆಹಣ್ಣು. ಗಂಡನನ್ನು ಸುರಾಂಗನೆಯರು ಒಯ್ದರೆ ಹೆಂಡತಿಯನ್ನು ಬೆಂಕಿ ಒಯ್ಯಿತು. ಸೈನಿಕನ ಮನೋಬಲದ ಬಗ್ಗೆ ಬರೆದವರು ಬಹಳ ಮಂದಿ, ಕಾಯುವವಳ ಮನೋಬಲದ ಬಗ್ಗೆ ಬರೆದವರು ಕಡಿಮೆ. ದೊಡ್ಡಮ್ಮನನ್ನು ಅದನ್ನೂ ಕೇಳಿದೆ. ಅವರಿಗೆ ಚಿತ್ರವೇನೂ ಬೇಕಾಗಿರಲಿಲ್ಲ, ರೇಡಿಯೊ ಇತ್ತು. ಭದ್ರಾವತಿಗೆ ಆಕಾಶವಾಣಿ ಬಂದದ್ದು 1965ರಲ್ಲಿ, ಅದೂ ಯುದ್ಧದ ವರ್ಷವೇ. 1971ರ ಡಿಸೆಂಬರಿನಲ್ಲಿ ಕನ್ನಡ ವಾರ್ತೆಯ ಹೊತ್ತಿಗೆ ಒಲೆಯ ಮೇಲಿನ ಪಾತ್ರೆ ಇಳಿಸಿ ಬಂದು ಕೂರುತ್ತಿದ್ದರಂತೆ. “ವಾರ್ತೆಯಲ್ಲಿ ಇವರ ಸುದ್ದಿ ಬರಲ್ಲ ಅಂತ ಗೊತ್ತಿತ್ತು. ಆದ್ರೂ ಕೇಳ್ಬೇಕು. ಮನೇಲಿ ಅತ್ತೆ, ಎರಡು ಮಕ್ಕಳು. ನಾನು ಹೆದರಿದ್ರೆ ಅವರೂ ಹೆದರೋರು. ಯುದ್ಧ ನಿಂತ ಮೇಲೆ ಇಪ್ಪತ್ತು ದಿನಕ್ಕೆ ಇವರ ಇನ್‌ಲ್ಯಾಂಡ್ ಬಂತು. ಆಮೇಲೇ ನಾನು ಅತ್ತಿದ್ದು.”